ಮೂವತ್ತು ವರ್ಷದ ಅನುಭವದ ಮುಂದೆ ನನ್ನ ಮಾತಿಗೆ ಬೆಲೆ ಇದೆಯಾ?

ಓದುಗರ ಪ್ರಶ್ನೆ: ಒಂದು ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ ಒಂದೂವರೆ ವರ್ಷದಿಂದ ಇಂಜಿನಿಯರ್ ಆಗಿದ್ದೇನೆ. ಒಂದು ಪಂಪಿನ ಬೇರಿಂಗ್‌ನಲ್ಲಿ (ತಿರುಗುವ ದಂಡವನ್ನು ಹಿಡಿದಿಡುವ, ಒಳಗೆ ಗುಂಡುಗಳಿರುವ ಭಾಗ) ವೈಬ್ರೇಷನ್ ರೀಡಿಂಗ್, ಅಂದರೆ ಅದು ಎಷ್ಟು ನಡುಗುತ್ತಿದೆ ಅನ್ನುವ ಅಳತೆ, ಮೂರು ವಾರದಿಂದ ಏರುತ್ತಿತ್ತು. ಬೇರಿಂಗ್ ಬದಲಿಸಬೇಕು ಅಂತ ಮೀಟಿಂಗ್‌ನಲ್ಲಿ ಹೇಳಿದೆ. ನಮ್ಮ ಹಿರಿಯ ಫೋರ್‌ಮನ್ ಒಪ್ಪಲಿಲ್ಲ. "ಏನಮ್ಮಾ, ಮೂವತ್ತು ವರ್ಷದಿಂದ ಈ ಪಂಪ್ ನೋಡ್ತಾ ಇದ್ದೀನಿ. ಅದು ಗ್ರೀಸ್ ಕೇಳ್ತಿದೆ, ಅಷ್ಟೇ" ಅಂದರು. ಗ್ರೀಸ್ ಹೊಡೆದರು, ಶಬ್ದ ನಿಂತೇ ಹೋಯ್ತು. ಎಲ್ಲರೂ ನನ್ನ ಮುಖ ನೋಡಿದರು. ಆದರೆ ರೀಡಿಂಗ್ ಎರಡು ದಿನ ಇಳಿದು ಈಗ ಮತ್ತೆ ಏರುತ್ತಿದೆ. ಇನ್ನೊಂದು ಸಲ ಬಾಯಿ ತೆರೆಯಲು ಧೈರ್ಯ ಬರುತ್ತಿಲ್ಲ. ಮನೆಯಲ್ಲೂ ಇದೇ. ಅಕ್ಕನ ಎರಡು ತಿಂಗಳ ಮಗುವನ್ನು ಅಮ್ಮ ಬೋರಲು ಮಲಗಿಸುತ್ತಾರೆ. ಬೇಡ ಅಂದರೆ "ನಿಮ್ಮ ನಾಲ್ವರನ್ನೂ ಹಾಗೇ ಮಲಗಿಸಿದ್ದೆ, ಏನಾಯ್ತು ಈಗ?" ಅಂತಾರೆ. ಅನುಭವ ಇದೆ ಅನ್ನುವುದರಿಂದಲೇ ಒಬ್ಬರ ವಾದಕ್ಕೆ ಜಾಸ್ತಿ ತೂಕ ಬರುತ್ತಾ? ಅಥವಾ ನನಗೇ ಅಹಂಕಾರವಾ?

ಉತ್ತರ:

ತುರ್ತಿನ ವಿಷಯ ಮೊದಲು. ಮಗುವನ್ನು ಇವತ್ತಿನಿಂದಲೇ ಅಂಗಾತ ಮಲಗಿಸಿ. ನನಗೆ ಗೊತ್ತಿರುವುದು ಯಂತ್ರಗಳ ವಿಷಯ, ನಾನು ಮಕ್ಕಳ ಡಾಕ್ಟರ್ ಅಲ್ಲ. ಹಾಗಾಗಿ ನಿಮ್ಮ ಡಾಕ್ಟರನ್ನೂ ಕೇಳಿ. ಆದರೆ ಇದರಲ್ಲಿ ಮಕ್ಕಳ ವೈದ್ಯರ ನಡುವೆ ಎರಡು ಮಾತಿಲ್ಲ, ಕಾರಣ ಮುಂದೆ ಬರೆದಿದ್ದೇನೆ. ಇನ್ನು ಪಂಪ್. ಅದಕ್ಕೆ ಮತ್ತೊಂದು ಸಲ ಗ್ರೀಸ್ ಹೊಡೆಯುವ ಮುಂಚೆ ಈ ಉತ್ತರ ಪೂರ್ತಿ ಓದಿ.

ನಿಮ್ಮ ಸಂಕಟ ನನಗೆ ಅರ್ಥ ಆಗಿದ್ದು ಹೀಗೆ. ಸುಮ್ಮನಿದ್ದರೆ ಪಂಪ್ ಹೋಗುತ್ತೆ, ಮಾತಾಡಿದರೆ ಮರ್ಯಾದೆ ಹೋಗುತ್ತೆ. ಅದರ ಮೇಲೆ, ನಿಜವಾಗಿಯೂ ಅವರೇ ಸರಿ ಇದ್ದು ನಾನೇ ತಪ್ಪಾಗಿದ್ದರೆ ಅನ್ನುವ ಅಳುಕು ಬೇರೆ. ಈ ಅಳುಕು ಒಳ್ಳೆಯದೇ, ಅದನ್ನು ಅಹಂಕಾರ ಅಂತ ಯಾರೂ ಕರೆಯುವುದಿಲ್ಲ.

ಕೆಟ್ಟ ಯಂತ್ರವನ್ನು ಬಿಚ್ಚಿ, ಯಾಕೆ ಕೆಟ್ಟಿತು ಅಂತ ಹುಡುಕುವುದೇ ನನ್ನ ಕೆಲಸ. ಎಷ್ಟು ವರ್ಷದಿಂದ ಮಾಡುತ್ತಿದ್ದೇನೆ ಅಂತ ಇಲ್ಲಿ ಬರೆಯುವುದಿಲ್ಲ. ನಾನು ಕೊಡುವ ಕಾರಣಗಳನ್ನು ನೋಡಿ, ನಿಮ್ಮ ಪಂಪಿನ ಹತ್ತಿರ ಹೋಗಿ ಪರೀಕ್ಷೆ ಮಾಡಿ, ಸರಿ ಅನಿಸಿದರೆ ಮಾತ್ರ ತೆಗೆದುಕೊಳ್ಳಿ.

ಗ್ರೀಸಿನಿಂದ ಶುರು ಮಾಡೋಣ, ಯಾಕೆಂದರೆ ನಿಮ್ಮ ಇಡೀ ಪ್ರಶ್ನೆಗೆ ಉತ್ತರ ಅಲ್ಲೇ ಅಡಗಿದೆ. ಹಾಳಾಗುತ್ತಿರುವ ಬೇರಿಂಗ್‌ಗೆ ಗ್ರೀಸ್ ಹೊಡೆದರೆ ಶಬ್ದ ಕಡಿಮೆ ಆಗುತ್ತೆ. ಇದು ನಿಜ, ಫೋರ್‌ಮನ್ ಸುಳ್ಳು ಹೇಳಲಿಲ್ಲ. ಒಳಗೆ ಗುಂಡುಗಳು ಓಡುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಲೋಹ ಚಕ್ಕೆ ಎದ್ದಿರುತ್ತೆ. ಗುಂಡು ಅಲ್ಲಿಗೆ ಬಂದಾಗಲೆಲ್ಲ ಟಕ್ ಅಂತ ಬಡಿಯುತ್ತೆ. ಹೊಸ ಗ್ರೀಸ್ ಆ ಬಡಿತದ ಮೇಲೆ ಮೆತ್ತೆ ಹಾಸಿದ ಹಾಗೆ. ಬಡಿತ ಕೇಳಿಸುವುದಿಲ್ಲ, ಆದರೆ ಎದ್ದ ಚಕ್ಕೆ ಹಾಗೇ ಇರುತ್ತೆ. ರೀಡಿಂಗ್ ಎರಡು ದಿನ ಇಳಿದು ಮತ್ತೆ ಏರಿತು ಅಂದಿರಿ, ಅಲ್ವಾ? ಬರೀ ಗ್ರೀಸಿನ ಕೊರತೆ ಆಗಿದ್ದರೆ ಇಳಿದದ್ದು ಇಳಿದೇ ಇರಬೇಕಿತ್ತು. ಇಳಿದು ಬೇಗ ಏರುವುದು ಬೇರಿಂಗ್ ಒಳಗೆ ಪೆಟ್ಟಾಗಿರುವ ಲಕ್ಷಣ. ಇನ್ನೊಂದು ವಿಷಯ, ಗ್ರೀಸ್ ಜಾಸ್ತಿ ಆದರೆ ಗುಂಡುಗಳು ಅದನ್ನು ಕಡೆಯುತ್ತಾ ಓಡುತ್ತವೆ, ಬಿಸಿ ಏರುತ್ತೆ, ಗ್ರೀಸಿನಲ್ಲಿರುವ ಎಣ್ಣೆ ಬೇರ್ಪಡುತ್ತೆ, ಸೀಲ್ ಕಿತ್ತುಕೊಂಡು ಬರುತ್ತೆ. ಮೋಟಾರ್ ಆದರೆ ಗ್ರೀಸ್ ವೈಂಡಿಂಗ್ ಒಳಗೂ, ಅಂದರೆ ತಂತಿಯ ಸುರುಳಿಗಳ ಒಳಗೂ ನುಗ್ಗುತ್ತೆ.

ಈಗ ಫೋರ್‌ಮನ್ ಜಾಗದಲ್ಲಿ ನಿಂತು ನೋಡಿ. ಮೂವತ್ತು ವರ್ಷದಲ್ಲಿ ಅವರು ಇದನ್ನೇ ನೂರಾರು ಸಲ ಮಾಡಿರಬಹುದು. ಪ್ರತಿ ಸಲವೂ ಗ್ರೀಸ್ ಗನ್ ಒತ್ತಿದ ನಿಮಿಷದಲ್ಲೇ ಶಬ್ದ ನಿಂತಿದೆ. ಕಣ್ಣೆದುರೇ ಫಲ, ಕಿವಿಗೇ ಸಾಕ್ಷಿ. ಮೂರು ವಾರ ಆದ ಮೇಲೆ, ಯಾವುದೋ ರಾತ್ರಿ ಶಿಫ್ಟ್‌ನಲ್ಲಿ ಅದೇ ಬೇರಿಂಗ್ ಜಾಮ್ ಆದಾಗ, ಬಿಚ್ಚಿದವರು ಬೇರೆ ಯಾರೋ. ಲಾಗ್‌ಬುಕ್‌ನಲ್ಲಿ "ಬೇರಿಂಗ್ ಫೇಲ್, ಬದಲಿಸಲಾಯಿತು" ಅಂತ ಒಂದು ಸಾಲು ಬಿದ್ದಿರುತ್ತೆ. ಆ ಸಾಲಿಗೂ ಮೂರು ವಾರದ ಹಿಂದಿನ ಗ್ರೀಸಿಗೂ ನಂಟು ಹಾಕಿ ಅವರಿಗೆ ಹೇಳಿದವರು ಒಬ್ಬರೂ ಇಲ್ಲ. ಹಾಗಾಗಿ ಅವರ ಅನುಭವದಲ್ಲಿ ಗ್ರೀಸ್ ಒಂದು ಸಲವೂ ಸೋತಿಲ್ಲ. ಅವರನ್ನು ನೋಡಿ ಕಲಿತ ಹುಡುಗರೂ ಅದನ್ನೇ ಮಾಡುತ್ತಾರೆ, ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಅನ್ನುವ ಹಾಗೆ.

ಅನುಭವದ ಬಗ್ಗೆ ಜನ ಮರೆಯುವುದು ಇದನ್ನೇ. ವರ್ಷ ಕಳೆದ ಮಾತ್ರಕ್ಕೆ ಯಾರೂ ಕಲಿಯುವುದಿಲ್ಲ. ನಾವು ಮಾಡಿದ ತಪ್ಪು ನಮ್ಮ ಹತ್ತಿರವೇ ವಾಪಸ್ ಬಂದು "ಇದು ನಿನ್ನದು" ಅಂತ ನಿಲ್ಲಬೇಕು. ಆಗ ಕಲಿಯುತ್ತೇವೆ. ತಪ್ಪು ಬೇರೆಯವರ ಶಿಫ್ಟ್‌ಗೆ ಹೋಗಿ ಬೀಳುತ್ತಿದ್ದರೆ ಮೂವತ್ತು ವರ್ಷದಲ್ಲಿ ಧೈರ್ಯ ಬೆಳೆಯುತ್ತೆ, ತಿಳಿವಳಿಕೆ ಇದ್ದಲ್ಲೇ ಇರುತ್ತೆ.

ಹಾಗಂತ ಅನುಭವ ಅಂದರೆ ಏನೂ ಅಲ್ಲ ಅನ್ನುವ ತುದಿಗೆ ಹೋಗಬೇಡಿ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಒಬ್ಬ ಹಿರಿಯ ಆಪರೇಟರ್ ಇದ್ದರು. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಬೇರಿಂಗ್ ಹೌಸಿಂಗ್ (ಬೇರಿಂಗ್ ಕೂತಿರುವ ಹೊರಕವಚ) ಮೇಲೆ ಊರಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಂದು ಪಂಪಿನ ರೀಡಿಂಗ್ ನೋಡಿ ನಾನು "ಬೇರಿಂಗ್ ಹೋಗಿದೆ, ಬಿಚ್ಚಬೇಕು" ಅಂತ ಬರೆದುಕೊಟ್ಟೆ. ಅವರು ಅರ್ಧ ನಿಮಿಷ ಕೇಳಿಸಿಕೊಂಡು ಹೇಳಿದರು: "ಇದು ಬೇರಿಂಗ್ ಅಲ್ಲ. ಬೇರಿಂಗ್ ಆದ್ರೆ ಒಂದೇ ಲಯದಲ್ಲಿ ಬಡಿಯುತ್ತೆ. ಇಲ್ಲಿ ಲಯ ಇಲ್ಲ, ಜಲ್ಲಿಕಲ್ಲು ಉರುಳಿದ ಹಾಗಿದೆ. ಸೋಮವಾರ ಸಕ್ಷನ್ ವಾಲ್ವ್ ಅರ್ಧ ಮುಚ್ಚಿದಾರೆ, ಅವತ್ತಿಂದ ಶುರುವಾಗಿದ್ದು. ಪೂರ್ತಿ ತೆಗಿ. ಶಬ್ದ ನಿಂತ್ರೆ ನನ್ನ ಮಾತು ಸರಿ. ನಿಲ್ಲದಿದ್ರೆ ನೀನು ಹೇಳಿದ ಹಾಗೇ ಬಿಚ್ಚೋಣ." ವಾಲ್ವ್ ತೆಗೆದೆ. ಕೆಲವೇ ಕ್ಷಣದಲ್ಲಿ ಶಬ್ದ ನಿಂತಿತು. ಪಂಪಿಗೆ ಬರುವ ಕಡೆ ಒತ್ತಡ ಇಳಿದು, ನೀರಿನಲ್ಲಿ ಆವಿಯ ಗುಳ್ಳೆ ಎದ್ದು ಒಡೆಯುತ್ತಿತ್ತು. ಕ್ಯಾವಿಟೇಷನ್ ಅಂತಾರಲ್ಲ, ಅದು.

ಅವರ ಮಾತನ್ನು ಇನ್ನೊಂದು ಸಲ ಓದಿ. ಎರಡು ಶಬ್ದಕ್ಕೂ ಏನು ವ್ಯತ್ಯಾಸ, ಯಾವತ್ತಿನಿಂದ ಶುರು, ಅವತ್ತು ಏನು ಬದಲಾಗಿತ್ತು, ಹೇಗೆ ಪರೀಕ್ಷೆ ಮಾಡಬೇಕು ಎಲ್ಲ ಅದರಲ್ಲಿದೆ. ತಾನು ತಪ್ಪು ಅಂತ ಯಾವಾಗ ಒಪ್ಪುತ್ತೇನೆ ಅನ್ನುವುದೂ ಇದೆ. ವರ್ಷದ ಲೆಕ್ಕ ಮಾತ್ರ ಇಲ್ಲ. ಅವರ ಸರ್ವಿಸ್ ಎಷ್ಟು ಅಂತ ನನಗೆ ತಿಳಿದದ್ದು ತುಂಬಾ ದಿನ ಆದ ಮೇಲೆ, ಬೇರೆಯವರಿಂದ. ಅನುಭವ ಅವರಿಗೆ ಎಲ್ಲಿ ನೋಡಬೇಕು ಅಂತ ಕಲಿಸಿತ್ತು. ಕಂಡದ್ದನ್ನು ನನ್ನಂಥ ಹೊಸಬನ ಕೈಗೂ ಸಿಗುವ ಹಾಗೆ ಮುಂದೆ ಇಟ್ಟರು. ಪಳಗಿದ ಕೈ ಅಂದರೆ ಅದು.

ಪಳಗಿದ ಕೈಯನ್ನು ಯಾವಾಗ ನಂಬಬೇಕು ಅಂತ ಇಬ್ಬರು ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಚರ್ಚೆ ಮಾಡಿದ್ದಾರೆ. ಡೇನಿಯಲ್ ಕಾನೆಮನ್ ಅನುಭವಿಗಳು ಎಡವುವುದನ್ನು ಅಧ್ಯಯನ ಮಾಡಿದವರು. ಗ್ಯಾರಿ ಕ್ಲೈನ್ ಅಗ್ನಿಶಾಮಕ ದಳದಂಥ ಕಡೆ ಅನುಭವಿಗಳು ಕ್ಷಣದಲ್ಲಿ ಸರಿಯಾದ ನಿರ್ಧಾರ ತೆಗೆದುಕೊಳ್ಳುವುದನ್ನು ನೋಡಿ ಮೆಚ್ಚಿದವರು. ಇಬ್ಬರೂ ಜಗಳ ಬಿಡಿಸಿಕೊಳ್ಳಲು ಕೂತು 2009ರಲ್ಲಿ ಒಟ್ಟಿಗೆ ಒಂದು ಪ್ರಬಂಧ ಬರೆದರು. ಅದರಲ್ಲಿ ಎರಡು ಷರತ್ತು ಇವೆ. ಕೆಲಸದಲ್ಲಿ ಕ್ರಮ ಇರಬೇಕು, ಅಂದರೆ ಇಂಥ ಲಕ್ಷಣ ಕಂಡರೆ ಇಂಥದ್ದು ಆಗುತ್ತೆ ಅನ್ನುವ ನಂಟು ನಿಜವಾಗಿ ಇರಬೇಕು. ಜೊತೆಗೆ ಆ ನಂಟನ್ನು ಕಲಿಯಲು ಅವಕಾಶ ಸಿಗಬೇಕು, ಅಂದರೆ ಸರಿಯೋ ತಪ್ಪೋ ಅಂತ ಬೇಗ ಮತ್ತು ಸ್ಪಷ್ಟವಾಗಿ ಗೊತ್ತಾಗುತ್ತಿರಬೇಕು. ಹವಾಮಾನ ಹೇಳುವವರಿಗೆ ಇವೆರಡೂ ಇವೆ, ನಾಳೆ ಮಳೆ ಅಂದರೆ ನಾಳೆಯೇ ಗೊತ್ತಾಗುತ್ತೆ. ಷೇರು ಯಾವುದು ಏರುತ್ತೆ ಅಂತ ಹೇಳುವವರಿಗೆ ಇವು ಸಿಗುವುದು ಕಷ್ಟ. ಇಬ್ಬರ ಮಾತಿನಲ್ಲೂ ವಿಶ್ವಾಸ ಮಾತ್ರ ಒಂದೇ ಸಮ ಕಾಣುತ್ತೆ. ಅದಕ್ಕೇ ಮಾತಿನ ಗಟ್ಟಿತನ ನೋಡಿ ಅಳೆಯಬೇಡಿ ಅನ್ನುವುದು.

ಅನುಭವ ತನ್ನ ಅಂಗಳ ಬಿಟ್ಟು ಹೊರಗೆ ಬಂದರೆ ಏನಾಗುತ್ತೆ ಅನ್ನುವುದಕ್ಕೂ ಒಂದು ಹಳೆಯ ಪ್ರಯೋಗ ಇದೆ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಚೆಸ್ ಆಟಗಾರರಿಗೆ ಐದು ಸೆಕೆಂಡು ಬೋರ್ಡ್ ತೋರಿಸಿ, ಕಾಯಿಗಳನ್ನು ನೆನಪಿನಿಂದ ಜೋಡಿಸಲು ಹೇಳಿದರು. ನಿಜವಾದ ಆಟದ ನಡುವಿನ ಬೋರ್ಡ್ ಆದರೆ ಪಳಗಿದ ಆಟಗಾರ ಹೊಸಬನಿಗಿಂತ ಎಷ್ಟೋ ಮುಂದೆ. ಕಾಯಿಗಳನ್ನು ಮನಸ್ಸಿಗೆ ಬಂದ ಹಾಗೆ ಇಟ್ಟಿದ್ದರೆ ಆ ಮುನ್ನಡೆ ಹೆಚ್ಚುಕಡಿಮೆ ಮಾಯ. ಕಣ್ಣು ಅದೇ, ತಲೆ ಅದೇ, ಕಲಿತ ಕ್ರಮ ಮಾತ್ರ ಅಲ್ಲಿರಲಿಲ್ಲ. ನಿಮ್ಮ ಫೋರ್‌ಮನ್ ಕಿವಿಯೂ ಒಂದು ಮಿತಿಯೊಳಗೆ ಕಲಿತ ಕಿವಿ. ಬೇರಿಂಗ್ ಹಾಳಾಗಲು ಶುರುವಾದಾಗ ಏಳುವ ಸದ್ದು ಮನುಷ್ಯರ ಕಿವಿಗೆ ನಿಲುಕುವ 20 ಕಿಲೋಹರ್ಟ್ಸ್‌ಗಿಂತ ಮೇಲಿರುತ್ತೆ. ಕಿವಿಗೆ ಕೇಳಿಸುವ ಹೊತ್ತಿಗೆ ರೋಗ ಬಲಿತಿರುತ್ತೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಆ ಮೊದಲ ಹಂತದ ಬಗ್ಗೆ ಅವರಿಗೆ ಮೂವತ್ತು ವರ್ಷದ ಅನುಭವ ಇದೆ ಅನ್ನುವ ಹಾಗಿಲ್ಲ, ಅದು ಅವರಿಗೆ ಕೇಳಿಸಿಯೇ ಇಲ್ಲ.

ಒಬ್ಬರ ಅನುಭವ ಹೋಗಲಿ, ಒಂದು ವೃತ್ತಿಯ ಇಡೀ ಅನುಭವವೇ ತಪ್ಪು ದಾರಿಯಲ್ಲಿರಬಹುದು. ನಮ್ಮ ಕ್ಷೇತ್ರದಲ್ಲಿ ಬಹಳ ಕಾಲ ಎಲ್ಲರೂ ನಂಬಿದ್ದು, ಭಾಗ ಹಳೆಯದಾದಷ್ಟೂ ಕೆಡುವುದು ಜಾಸ್ತಿ, ಹಾಗಾಗಿ ಇಂತಿಷ್ಟು ಗಂಟೆ ಓಡಿದ ಮೇಲೆ ಬಿಚ್ಚಿ ಬದಲಿಸಬೇಕು ಅಂತ. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ ನೌಲನ್ ಮತ್ತು ಹೀಪ್ ವಿಮಾನದ ಭಾಗಗಳ ದಾಖಲೆಗಳನ್ನು ಕೂಡಿಸಿ 1978ರಲ್ಲಿ ವರದಿ ಕೊಟ್ಟರು. ವಯಸ್ಸಾದ ಹಾಗೆ ಕೆಡುವ ಲಕ್ಷಣ ಕಂಡದ್ದು ಸುಮಾರು 11% ಭಾಗಗಳಲ್ಲಿ ಮಾತ್ರ. 68% ಭಾಗಗಳಲ್ಲಿ ಅಪಾಯ ಹೆಚ್ಚಿದ್ದದ್ದು ಹೊಸದಾಗಿ ಹಾಕಿದ ಶುರುವಿನಲ್ಲೇ! ಅಂದರೆ ಚೆನ್ನಾಗಿ ಓಡುತ್ತಿದ್ದದ್ದನ್ನು ಸುಮ್ನೆ ಬಿಚ್ಚಿ ಹೊಸದು ಹಾಕಿ, ಅಪಾಯವನ್ನು ನಾವೇ ಮನೆಗೆ ಕರೆಯುತ್ತಿದ್ದೆವು. ಒಬ್ಬ ಮೆಕ್ಯಾನಿಕ್‌ಗೆ ತನ್ನ ಜೀವಮಾನದಲ್ಲಿ ಇದು ಕಾಣಲು ಸಾಧ್ಯವೇ ಇರಲಿಲ್ಲ. ಸಾವಿರಾರು ಭಾಗಗಳ ಲೆಕ್ಕ ಒಂದೇ ಕಡೆ ಸೇರಿದಾಗ ಕಂಡಿತು. (ಇದೇ ಲೆಕ್ಕ ನಿಮಗೂ ಅನ್ವಯಿಸುತ್ತೆ. ರೀಡಿಂಗ್ ಸ್ವಲ್ಪ ಏರಿದ ಕೂಡಲೇ ಬೇರಿಂಗ್ ಬದಲಿಸಿ ಅನ್ನುವುದೂ ಅಪಾಯ ಇಲ್ಲದ ಸಲಹೆ ಅಲ್ಲ.)

ವೈದ್ಯರ ವಿಷಯದಲ್ಲೂ ಇಂಥ ಪರಿಶೀಲನೆ ನಡೆದಿದೆ. ವೃತ್ತಿಯಲ್ಲಿ ಕಳೆದ ವರ್ಷಗಳಿಗೂ ಚಿಕಿತ್ಸೆಯ ಗುಣಮಟ್ಟಕ್ಕೂ ಇರುವ ನಂಟನ್ನು ನೋಡಿದ 62 ಅಧ್ಯಯನಗಳನ್ನು 2005ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನವು, ಅಳೆದ ಎಲ್ಲದರಲ್ಲೂ ವರ್ಷ ಹೆಚ್ಚಾದ ಹಾಗೆ ಗುಣಮಟ್ಟ ಇಳಿದದ್ದನ್ನು ತೋರಿಸಿದವು. ಹಳೆಯ ಡಾಕ್ಟರ್ ಕೆಟ್ಟವರು ಅಂತ ಇದರ ಅರ್ಥ ಅಲ್ಲ. ಓದಿದ ಕಾಲದ ಮದ್ದು ಬದಲಾಗಿರುತ್ತೆ, ಕೈ ಮಾತ್ರ ಅದನ್ನೇ ಬರೆಯುತ್ತಿರುತ್ತೆ. ಶಸ್ತ್ರಚಿಕಿತ್ಸೆಯಂಥ ಕೈಕೆಲಸದಲ್ಲಿ ಜಾಸ್ತಿ ಮಾಡಿದವರ ಫಲಿತಾಂಶ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತೆ. ಅಲ್ಲಿ ರಕ್ತ ಬಂದರೆ ಅದೇ ಕ್ಷಣ ಕಾಣುತ್ತಲ್ಲ.

ಈಗ ಅಮ್ಮನ ಮಾತಿಗೆ ಬರೋಣ. "ನಿಮ್ಮ ನಾಲ್ವರನ್ನೂ ಹಾಗೇ ಮಲಗಿಸಿದ್ದೆ, ಏನೂ ಆಗಲಿಲ್ಲ" ಅನ್ನುವುದು ನೂರಕ್ಕೆ ನೂರು ಸತ್ಯ. ಅವರು ಮಾಡಿದ್ದರಲ್ಲಿ ತಪ್ಪು ಹುಡುಕಲೂ ಬಾರದು. ಆ ಕಾಲದಲ್ಲಿ ಎಷ್ಟೋ ದೇಶಗಳಲ್ಲಿ ಡಾಕ್ಟರುಗಳೇ ಬೋರಲು ಮಲಗಿಸಿ ಅಂತ ಹೇಳುತ್ತಿದ್ದರು. ಆದರೆ ಲೆಕ್ಕ ನೋಡಿ. ಅಮೆರಿಕದಲ್ಲಿ 1990ರಲ್ಲಿ ನಿದ್ದೆಯಲ್ಲೇ ಕಾರಣ ತಿಳಿಯದೆ ತೀರಿಕೊಳ್ಳುತ್ತಿದ್ದ ಕೂಸುಗಳು ಸಾವಿರಕ್ಕೆ ಸುಮಾರು 1.3. ನಾಲ್ಕು ಮಕ್ಕಳನ್ನು ಸಾಕಿದವರಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಜನಕ್ಕೆ ಏನೂ ಆಗಿರುವುದಿಲ್ಲ. ಅವರೆಲ್ಲರ ಅನುಭವವೂ "ಏನೂ ಆಗಲ್ಲ" ಅಂತಲೇ ಹೇಳುತ್ತೆ. ಮಗು ಕಳೆದುಕೊಂಡ ತಾಯಿ ಆ ಮಾತುಕತೆಯಲ್ಲಿ ಕೂತಿರುವುದೇ ಇಲ್ಲ. ಅಲ್ಲಿನ ಮಕ್ಕಳ ವೈದ್ಯರ ಸಂಘ 1992ರಲ್ಲಿ ಬೋರಲು ಬೇಡ ಅಂದಿತು, 1994ರಲ್ಲಿ ಅಂಗಾತ ಮಲಗಿಸಿ ಅನ್ನುವ ದೊಡ್ಡ ಪ್ರಚಾರ ಶುರುವಾಯಿತು. ಮುಂದಿನ ಹತ್ತು ವರ್ಷದ ಹೊತ್ತಿಗೆ ಆ ಸಾವುಗಳು ಅರ್ಧಕ್ಕಿಂತ ಕೆಳಗೆ ಇಳಿದವು. ಅಪರೂಪಕ್ಕೆ ಬರುವ ದೊಡ್ಡ ಅಪಾಯ ಒಂದು ಮನೆಯ ಅನುಭವಕ್ಕೆ ಕಾಣುವುದಿಲ್ಲ. ಅಮ್ಮನಿಗೆ "ನಿಮಗೆ ಗೊತ್ತಿಲ್ಲ" ಅನ್ನಬೇಡಿ. "ನೀನು ಮಾಡಿದ್ದು ಆಗಿನ ಡಾಕ್ಟರ್ ಹೇಳಿದ ಹಾಗೆ ಅಮ್ಮಾ, ಈಗಿನ ಡಾಕ್ಟರ್ ಹೇಳಿದ ಹಾಗೆ ಇದನ್ನ ಮಾಡೋಣ" ಅನ್ನಿ. ಮಗು ಅಳುವಾಗ ಅದು ಹಸಿವೋ, ನಿದ್ದೆಯೋ, ಹೊಟ್ಟೆನೋವೋ ಅನ್ನುವುದರಲ್ಲಿ ಮಾತ್ರ ಅಮ್ಮನ ಮಾತೇ ಮೇಲು. ಅದರಲ್ಲಿ ಅವರ ತಪ್ಪು ಐದು ನಿಮಿಷದಲ್ಲಿ ಅವರಿಗೇ ಗೊತ್ತಾಗುತ್ತಿತ್ತು, ನಾಲ್ಕು ಮಕ್ಕಳ ಜೊತೆ, ದಿನಾ.

ಇನ್ನೊಂದು ಗೊಂದಲವನ್ನೂ ಬೇಗ ಬಿಡಿಸಿಬಿಡುತ್ತೇನೆ. ತಾನೇ ಅನುಭವಿಸಿದ್ದನ್ನು ಹೇಳುವವರ ಮಾತು ಬೇರೆ ಜಾತಿಯದು. ಆ ಯಂತ್ರದ ಪಕ್ಕ ಎಂಟು ಗಂಟೆ ನಿಲ್ಲುವುದು ಹೇಗಿರುತ್ತೆ ಅಂತ ಆಪರೇಟರ್ ಹೇಳಿದರೆ ಅದನ್ನು ನನ್ನ ಮೀಟರ್ ಸುಳ್ಳು ಮಾಡಲಾರದು. ತನಗೆ ಏನಾಯಿತು ಅನ್ನುವುದಕ್ಕೆ ಅವರೇ ಸಾಕ್ಷಿ. ಯಾಕಾಯಿತು, ಎಲ್ಲರಿಗೂ ಹಾಗೇ ಆಗುತ್ತಾ ಅನ್ನುವ ಪ್ರಶ್ನೆ ಬಂದಾಗ ಅವರೂ ನಮ್ಮ ಹಾಗೇ ಬೇರೆ ಆಧಾರ ಹುಡುಕಬೇಕು.

ನಿಮಗೆ ಮೀಟಿಂಗ್‌ನಲ್ಲಿ ಬಾಯಿ ಕಟ್ಟಿದ್ದು ಸಣ್ಣ ವಿಷಯ ಅಲ್ಲ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ, ಮಂಜಿನಲ್ಲಿ, ಎರಡು ಬೋಯಿಂಗ್ 747 ರನ್‌ವೇ ಮೇಲೆ ಡಿಕ್ಕಿಯಾಗಿ 583 ಜನ ಸತ್ತರು. ಅನುಮತಿ ಸಿಗುವ ಮುಂಚೆಯೇ ಹೊರಟ ವಿಮಾನದ ಕ್ಯಾಪ್ಟನ್ ತನ್ನ ಕಂಪನಿಯಲ್ಲಿ ಬೇರೆ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಹಿರಿಯ. ಹೊರಟ ಮೇಲೆ ಫ್ಲೈಟ್ ಇಂಜಿನಿಯರ್ ಕೇಳಿದರು, ಆ ಇನ್ನೊಂದು ವಿಮಾನ ರನ್‌ವೇ ಬಿಟ್ಟಿಲ್ಲವಾ ಅಂತ. ಬಿಟ್ಟಿದೆ ಅಂತ ಕ್ಯಾಪ್ಟನ್ ಗಟ್ಟಿಯಾಗಿ ಹೇಳಿದರು. ಅಲ್ಲಿಗೆ ಮಾತು ನಿಂತಿತು. ಕಾಕ್‌ಪಿಟ್‌ನಲ್ಲಿ ಪ್ರಶ್ನೆ ಇತ್ತು, ಕೇಳುವ ಬಾಯಿಯೂ ಇತ್ತು, ಎರಡನೇ ಸಲ ಕೇಳಲು ದಾರಿ ಇರಲಿಲ್ಲ. ಇಂಥ ಅಪಘಾತಗಳ ನಂತರವೇ ಕಿರಿಯರು ಹೇಗೆ ಎಚ್ಚರಿಸಬೇಕು, ಹಿರಿಯರು ಹೇಗೆ ಕೇಳಿಸಿಕೊಳ್ಳಬೇಕು ಅನ್ನುವ ತರಬೇತಿಯನ್ನು ವಿಮಾನಯಾನದಲ್ಲಿ ಶುರು ಮಾಡಿದ್ದು. ಇದನ್ನು ಓದಿದಾಗಲೆಲ್ಲ ನನಗೆ ಆ ಫ್ಲೈಟ್ ಇಂಜಿನಿಯರ್ ಜ್ಞಾಪಕಕ್ಕೆ ಬರುತ್ತಾರೆ.

ಹಾಗಾದರೆ ನೀವೇನು ಮಾಡಬಹುದು? ಸುಮ್ಮನಿರುವುದು ಒಂದು ದಾರಿ. ಆ ಪಂಪಿಗೆ ಸ್ಟ್ಯಾಂಡ್‌ಬೈ ಇದ್ದು, ಕೆಟ್ಟರೂ ಯಾರಿಗೂ ಪೆಟ್ಟಾಗುವುದಿಲ್ಲ ಅನ್ನುವುದಾದರೆ ನಷ್ಟ ಬರೀ ಹಣದ್ದು. ಆದರೆ ಹಾಗೆ ಸುಮ್ಮನಿದ್ದು ಬೇರಿಂಗ್ ಹೋದರೆ "ಮೊದಲೇ ಹೇಳಿದ್ದೆ" ಅನ್ನುವ ಮಾತು ನಿಮ್ಮ ಬಾಯಿಗೆ ಬರುತ್ತೆ, ಆ ಮಾತಿನಿಂದ ಯಾರ ಜೊತೆಯೂ ಸಂಬಂಧ ಸುಧಾರಿಸಿದ್ದನ್ನು ನಾನು ನೋಡಿಲ್ಲ. ಮತ್ತೆ ಮೀಟಿಂಗ್‌ನಲ್ಲೇ ಗ್ರಾಫ್ ಹಾಕಿ ತೋರಿಸುವುದು ಇನ್ನೊಂದು ದಾರಿ. ನೀವು ಸರಿ ಇದ್ದರೂ ಹತ್ತು ಜನರ ಮುಂದೆ ಅವರಿಗೆ ಹಿಂದೆ ಸರಿಯಲು ಜಾಗ ಇರುವುದಿಲ್ಲ. ಮುಂದೆ ಅವರಿಂದ ಕಲಿಯಬೇಕಾದ್ದು ನಿಮಗೆ ಬೇಕಾದಷ್ಟಿದೆ, ಆ ಬಾಗಿಲು ಮುಚ್ಚಿಹೋಗುತ್ತೆ.

ನಾನಾಗಿದ್ದರೆ ಶಿಫ್ಟ್ ಶುರುವಾಗುವ ಮುಂಚೆ ಅವರ ಹತ್ತಿರ ಒಬ್ಬನೇ ಹೋಗಿ, ಪಂಪಿನ ಪಕ್ಕದಲ್ಲೇ ನಿಂತು ಕೇಳುತ್ತಿದ್ದೆ: "ಸರ್, ನೀವು ಅಂದ ಹಾಗೇ ಶಬ್ದ ನಿಂತಿದೆ. ರೀಡಿಂಗ್ ಮಾತ್ರ ಮತ್ತೆ ಏರ್ತಿದೆ. ಗ್ರೀಸ್ ಸಾಕಾಗಿಲ್ಲ ಅಂತ ಹೇಗೆ ಗೊತ್ತಾಗುತ್ತೆ, ಬೇರಿಂಗೇ ಹೋಗಿದೆ ಅಂತ ಹೇಗೆ ಗೊತ್ತಾಗುತ್ತೆ?" ನಿಜವಾಗಿ ತಿಳಿಯಲು ಕೇಳಿ, ಸಿಕ್ಕಿಹಾಕಿಸಲು ಬೇಡ. ಅವರ ಉತ್ತರದಲ್ಲಿ ಲಕ್ಷಣ, ದಿನ, ಪರೀಕ್ಷೆ ಏನಾದರೂ ಬಂದರೆ ಬರೆದುಕೊಳ್ಳಿ, ಅದು ಚಿನ್ನ. ಮತ್ತೆ "ನನಗೆ ಅನುಭವ ಇದೆ" ಅಂತಷ್ಟೇ ಬಂದರೆ, ಹತ್ತು ದಿನದ ಒಂದು ಒಪ್ಪಂದ ಕೇಳಿ. ಇನ್ನೊಂದು ಸಲ ಗ್ರೀಸ್ ಹೊಡೆಯುವುದು ಬೇಡ, ರೀಡಿಂಗ್ ಇಂಥ ಮಟ್ಟ ದಾಟಿದರೆ ಬಿಚ್ಚೋಣ, ದಾಟದಿದ್ದರೆ ನನ್ನ ಮಾತು ವಾಪಸ್. ಆ ಮಟ್ಟವನ್ನು ಇಬ್ಬರೂ ಸೇರಿ ಈಗಲೇ ಲಾಗ್‌ಬುಕ್‌ನಲ್ಲಿ ಬರೆಯಿರಿ. ಇದರಲ್ಲೂ ಅಪಾಯ ಇದೆ. ಹತ್ತು ದಿನದೊಳಗೇ ಬೇರಿಂಗ್ ಹೋಗಬಹುದು, ಹಾಗಾಗಿ ದಿನಕ್ಕೆ ಎರಡು ಸಲ ರೀಡಿಂಗ್ ತೆಗೆಯಿರಿ, ಬಿಸಿಯನ್ನೂ ಅಳೆಯಿರಿ. ಪಂಪಿನಲ್ಲಿ ಹೋಗುವುದು ಬಿಸಿ ಎಣ್ಣೆಯೋ, ಸುಡುವ ರಾಸಾಯನಿಕವೋ ಆಗಿದ್ದರೆ ಈ ಒಪ್ಪಂದವೇ ಬೇಡ. ಇವತ್ತೇ ಲಿಖಿತವಾಗಿ ಮೇಲಿನವರಿಗೆ ತಿಳಿಸಿ, ಯಾರ ಮುಖವೂ ನೋಡಬೇಡಿ.

ಬಿಚ್ಚುವ ದಿನ ಬಂದರೆ ಫೋರ್‌ಮನ್ ಅಲ್ಲಿರುವ ಹಾಗೆ ನೋಡಿಕೊಳ್ಳಿ. ಹಳೆಯ ಬೇರಿಂಗನ್ನು ಗುಜರಿಗೆ ಎಸೆಯಲು ಬಿಡಬೇಡಿ. ತೊಳೆದು, ಕತ್ತರಿಸಿ, ಗುಂಡು ಓಡುವ ದಾರಿಯನ್ನು ಅವರ ಕೈಗೇ ಕೊಡಿ, ಬೆರಳಿನಿಂದ ಸವರಿ ನೋಡಲಿ. ಮೂವತ್ತು ವರ್ಷದಲ್ಲಿ ಆ ಗ್ರೀಸಿನ ಫಲ ಅವರ ಕೈಗೆ ವಾಪಸ್ ಬಂದದ್ದು ಅದೇ ಮೊದಲ ಸಲ ಇರಬಹುದು. ಒಳಗೆ ಚಕ್ಕೆ ಎದ್ದಿಲ್ಲ, ದಾರಿ ಕನ್ನಡಿಯ ಹಾಗಿದೆ ಅಂತ ಕಂಡರೆ, ಆಗ ಕಲಿಯುವ ಸರದಿ ನಿಮ್ಮದು.

ಎಲ್ಲಕ್ಕಿಂತ ಮುಂಚೆ, ಅವರ ಹತ್ತಿರ ಹೋಗುವುದಕ್ಕೂ ಮುಂಚೆ, ನಿಮ್ಮ ರೀಡಿಂಗ್ ಅನ್ನೇ ಅನುಮಾನಿಸಿ. ಸೆನ್ಸರ್ ಇಟ್ಟದ್ದು ಪ್ರತಿ ಸಲ ಅದೇ ಜಾಗದಲ್ಲಾ? ದಪ್ಪ ಪೇಂಟ್ ಮೇಲೋ, ತೆಳು ಕವರ್ ಮೇಲೋ ಇಟ್ಟಿದ್ದರೆ ಅಂಕಿ ನಂಬುವಂಥದ್ದಲ್ಲ. ಪಂಪ್ ಪ್ರತಿ ಸಲ ಅದೇ ಲೋಡ್‌ನಲ್ಲಿ ಓಡುತ್ತಿತ್ತಾ? ಆ ಮೂರು ವಾರದಲ್ಲಿ ಯಾರಾದರೂ ವಾಲ್ವ್ ಮುಟ್ಟಿದ್ದಾರಾ? ಹೌಸಿಂಗ್ ಮೇಲೆ ಪೇಂಟ್ ಕೆರೆದು ಒಂದು ಗುರುತು ಹಾಕಿ, ಅಲ್ಲೇ ಮೂರು ದಿನ ರೀಡಿಂಗ್ ತೆಗೆದು ನನಗೆ ಕಳಿಸಿ. ಜೊತೆಗೆ ಗ್ರೀಸ್ ಹೊಡೆದ ದಿನ ಮತ್ತು ಎಷ್ಟು ಸಲ ಗನ್ ಒತ್ತಿದರು ಅನ್ನುವುದನ್ನೂ ಬರೆಯಿರಿ. ಎಷ್ಟು ಸಲ ಒತ್ತಿದರು ಅಂತ ಫೋರ್‌ಮನ್ನನ್ನೇ ಕೇಳಿ, ಅವರಿಗೆ ಜ್ಞಾಪಕ ಇರುತ್ತೆ.